ಒಬ್ಬಳೇ ಸೂಲಗಿತ್ತಿಯಿರುವ ಊರಿನಲ್ಲಿ ಕಥೆ ಬರೆದದ್ದು

ಜಗಳೂರು ಸೀಮೆಯ ಈ ಹಳ್ಳಿಯಲ್ಲಿ ಮೊದಲ ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ತಲೆಯ ಮೇಲೆ ಓಡಾಡುತ್ತಿದ್ದ ಮೇಕೆ. ಮಂಗಳೂರಿನಲ್ಲಿ ಹಂಚಿನ ಮೇಲೆ ಬೆಕ್ಕು ನಡೆದರೂ ಅಪ್ಪ ಕೋಲು ಹಿಡಿದು ಅಂಗಳಕ್ಕೆ ಇಳಿಯುತ್ತಿದ್ದರು. ಇಲ್ಲಿ ಸೂರೆಂದರೆ ಮಾಳಿಗೆ, ಮರದ ತೊಲೆಗಳ ಮೇಲೆ ಮಣ್ಣು ಬಡಿದು ಮಾಡಿದ ಚಪ್ಪಟೆ ಚಾವಣಿ. ಅಲ್ಲಿ ಮೆಣಸಿನಕಾಯಿ ಒಣಗುತ್ತದೆ, ಹೆಂಗಸರು ಕೂತು ಹರಟುತ್ತಾರೆ, ಮೇಕೆಯೂ ಬರುತ್ತದೆ. ನಾನು ಹೆದರಿ ಕೂಗಿಕೊಂಡರೆ ನನ್ನ ಯಜಮಾನರು, ಇಲ್ಲಿಯ ಶಾಲೆಯ ಮೇಷ್ಟ್ರು, ಮಗ್ಗುಲು ಬದಲಿಸಿ ಮಲಗಿದರು.

ಆಗ ಯುದ್ಧದ ಕಾಲ. ಸೀಮೆಎಣ್ಣೆ, ಸಕ್ಕರೆ ಎಲ್ಲ ಅಳತೆಗೆ. ನಮ್ಮ ಕುಚ್ಚಲಕ್ಕಿಯ ಹೆಸರನ್ನೂ ಇಲ್ಲಿ ಯಾರೂ ಕೇಳಿರಲಿಲ್ಲ. ಜೋಳದ ರೊಟ್ಟಿ ತಟ್ಟುವುದನ್ನು ಕಲಿಸಿದವಳು ಪಕ್ಕದ ಮನೆಯ ಗಂಗಕ್ಕ, ಉಬ್ರಾಣಿಯಿಂದ ಮದುವೆಯಾಗಿ ಬಂದವಳು. ನನ್ನ ಮೊದಲ ರೊಟ್ಟಿಯನ್ನು ಬೆರಳಿನಿಂದ ಕುಟ್ಟಿ ನೋಡಿ, "ಮೇಷ್ಟ್ರ ಹಲ್ಲು ಗಟ್ಟಿ ಅದಾವು ಬಿಡ್ರಿ, ಮೇಷ್ಟ್ರಮ್ಮ" ಎಂದಳು.

ನನ್ನ ಹೆಸರು ಶಾರದೆ ಎಂದು ಎಲ್ಲರಿಗೂ ಮೂರು ಮೂರು ಸಲ ಹೇಳಿದ್ದೆ. ತಲೆಯಾಡಿಸಿ, ಆಮೇಲೆ ಮೇಷ್ಟ್ರಮ್ಮ ಎಂದೇ ಕರೆದರು. ನನಗೆ ಸಿಟ್ಟು ಬರುತ್ತಿತ್ತು. ಆದರೆ ಇಲ್ಲಿ ಗೌಡರೂ ಕಮ್ಮಾರನೂ ಒಬ್ಬೊಬ್ಬರೇ, ಕಸುಬೇ ಅವರ ಹೆಸರು. ಸುತ್ತ ನಾಲ್ಕು ಹಳ್ಳಿಗೆ ಸೂಲಗಿತ್ತಿಯೂ ಒಬ್ಬಳೇ, ಸೂಲಗಿತ್ತವ್ವ. ಮಂಗಳೂರಿನ ನಮ್ಮ ಓಣಿಯಲ್ಲೇ ಹೆರಿಗೆ ಮಾಡಿಸುವವರು ಮೂವರಿದ್ದರು. ಯಾರು ಎಂದು ಹೆಸರು ಹಿಡಿದು ಹೇಳದಿದ್ದರೆ ಕರೆಯಲು ಹೋದವರು ತಪ್ಪಿ ಇನ್ನೊಬ್ಬಳ ಬಾಗಿಲು ತಟ್ಟುತ್ತಿದ್ದರು.

ಇದನ್ನೆಲ್ಲ ಯೋಚಿಸದೆ ನಾನೊಂದು ಕಥೆ ಬರೆದೆ. ಮಂಗಳೂರಿನ ಮಾಸಪತ್ರಿಕೆಯಲ್ಲಿ ಅದು ಅಚ್ಚಾಯಿತು, ನಿಮ್ಮಲ್ಲಿ ಕೆಲವರು ಓದಿರಬಹುದು. ಕೂಸು ಕಾಲು ಮುಂದಾಗಿ ಬರುತ್ತದೆ, ಸೂಲಗಿತ್ತಿ ಗಾಬರಿಯಿಂದ ಎಳೆಯುತ್ತಾಳೆ, ಕೂಸು ಉಳಿಯುವುದಿಲ್ಲ. ಕಥೆಯಲ್ಲಿ ಅವಳಿಗೆ ಹೆಸರಿಲ್ಲ, ಬರೀ ಸೂಲಗಿತ್ತಿ. ಪತ್ರಿಕೆ ಕೈಗೆ ಬಂದ ಹಿಗ್ಗಿನಲ್ಲಿ ಗಂಗಕ್ಕನ ಜಗಲಿಯಲ್ಲಿ ಕಾಳು ಹಸನು ಮಾಡುತ್ತಿದ್ದ ಹೆಂಗಸರಿಗೆ ಓದಿ ಹೇಳಿದೆ. ಎಲ್ಲರೂ ತಲೆ ತಗ್ಗಿಸಿ ಕಾಳು ಆರಿಸುತ್ತಲೇ ಇದ್ದರು. ಅತ್ತುಬಿಟ್ಟರೇನೋ ಎಂದು ಹೆಮ್ಮೆಪಟ್ಟೆ. ಎಂಥ ದಡ್ಡಿ ನಾನು.

ಹದಿನೈದು ದಿನದಲ್ಲಿ ಒಬ್ಬ ಬಸುರಿಯನ್ನು ಗಾಡಿ ಕಟ್ಟಿ ಜಗಳೂರಿಗೆ ಕರೆದೊಯ್ದರು. ಅರ್ಧ ದಾರಿಯಲ್ಲಿ, ಬೇವಿನ ಮರದ ಕೆಳಗೆ ಹೆರಿಗೆಯಾಯಿತು. ತಾಯಿ ಮಗು ಬದುಕಿದ್ದು ದೇವರ ದಯೆ. ಸೂಲಗಿತ್ತವ್ವನನ್ನು ಯಾಕೆ ಕರೆಯಲಿಲ್ಲ ಎಂದು ಗಂಗಕ್ಕನನ್ನು ಕೇಳಿದೆ.

"ನೀವೇ ಬರ್ದೀರಲ್ರಿ, ಆಕಿ ಕೂಸು ಎಳೆದು ಕೊಂದ್ಲು ಅಂತ. ಪುಸ್ತಕದಾಗೆ ಐತೆ ಅಂದಮ್ಯಾಲೆ ಹೆಂಗೆ ಕರಿಯಾಕೆ ಆಗ್ತೈತೆ?"

ಅಂದು ರಾತ್ರಿಯೇ ಮದರಾಸಿನ ಇಂಗ್ಲಿಷ್ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವ ನನ್ನ ಅಣ್ಣನಿಗೆ ಏನು ಮಾಡಲಿ ಎಂದು ಕಾಗದ ಬರೆದೆ. ಅವನು ಪಾಠ ಹೇಳುವ ಧಾಟಿಯಲ್ಲಿ ಉತ್ತರಿಸಿದ. ಕಾದಂಬರಿಯಲ್ಲಿ ಯಾರೋ ಒಬ್ಬ ಡಾಕ್ಟರನಾದರೆ ಇಂಗ್ಲಿಷಿನವರು ಆ ಪದದ ಮೊದಲಿಗೆ ಸಣ್ಣಕ್ಷರ ಹಾಕುತ್ತಾರೆ. ಹೆಸರಿನ ಬದಲಿಗೆ ಡಾಕ್ಟರೇ ಎಂದು ಕರೆದರೆ ದೊಡ್ಡಕ್ಷರ. ಕನ್ನಡದಲ್ಲಿ ಆ ಅನುಕೂಲವಿಲ್ಲ, ಆದ್ದರಿಂದ ಪಾತ್ರಕ್ಕೆ ಒಂದು ಹೆಸರಿಟ್ಟುಬಿಡು ಎಂದಿದ್ದ. ಇಲ್ಲಿ ಕಥೆಯನ್ನು ಕಿವಿಯಲ್ಲಿ ಕೇಳುತ್ತಾರೆ, ಕಿವಿಗೆ ಯಾವ ದೊಡ್ಡಕ್ಷರ? ಆದರೂ ಹೆಸರಿಡುವುದು ಸರಿಯೆನಿಸಿತು. ಮರುದಿನವೇ ಜಗಲಿಗೆ ಹೋಗಿ, ಕಥೆಯವಳು ಬೇರೆಯವಳು, ಅವಳ ಹೆಸರು ಸೀತಮ್ಮ ಎಂದೆ.

"ಹೌದೇನ್ರಿ?" ಎಂದಳು ಗಂಗಕ್ಕ. "ನಮ್ಮ ಸೂಲಗಿತ್ತವ್ವನ ಹೆಸರು ಸೀತಮ್ಮನಾ? ಇಷ್ಟು ವರ್ಷ ನಮಗೆ ಗೊತ್ತೇ ಇರಲಿಲ್ಲ ನೋಡ್ರಿ."

ಆಗ ನನಗೂ ಏಳು ತಿಂಗಳು ತುಂಬುತ್ತಿತ್ತು. ಚೊಚ್ಚಲ ಹೆರಿಗೆಗೆ ತವರಿಗೆ ಬಾ ಎಂದು ಅಮ್ಮ ವಾರಕ್ಕೊಂದು ಕಾಗದ ಬರೆಸುತ್ತಿದ್ದಳು. ಹೊರಡುವ ಮೊದಲು ಕ್ಷಮೆ ಕೇಳಿಬಿಡೋಣವೆಂದು ಪತ್ರಿಕೆ ಹಿಡಿದು ಸೂಲಗಿತ್ತವ್ವನ ಮನೆಗೆ ನಡೆದೆ. ನನ್ನ ಹಿಂದೆ ಗಂಗಕ್ಕ, ಅವಳ ಹಿಂದೆ ಇನ್ನೂ ಐದಾರು ಹೆಂಗಸರು. ಸೂಲಗಿತ್ತವ್ವ ಬಾಗಿಲಲ್ಲಿ ಕೂತು ಹಳೆ ಸೀರೆ ಜೋಡಿಸಿ ಕೌದಿ ಹೊಲಿಯುತ್ತಿದ್ದಳು. ಏಳಲಿಲ್ಲ.

"ಎಲ್ಲಾರೂ ಕೇಳ್ಯಾರೆ, ನಾನೊಬ್ಬಾಕಿ ಕೇಳಿಲ್ಲ. ಓದ್ರಿ" ಎಂದಳು.

ಓದಿದೆ. ಎಳೆಯುವ ಭಾಗ ಬಂದಾಗ ಅವಳು ಸೂಜಿ ನಿಲ್ಲಿಸಿದಳು.

"ಇಲ್ಲಿ ತಪ್ಪೈತೆ. ಕಾಲು ಮುಂದಾಗಿ ಬಂದ್ರೆ ಎಳೀಬಾರ್ದು. ಕೈ ಕಟ್ಕೊಂಡು ಕುಂದ್ರಬೇಕು, ಕೂಸು ತಾನೇ ಇಳೀತೈತೆ. ಕೊನೀಗೆ ತಲೆ ಬರಾಕೆ ಮಾತ್ರ ಕೈ ಕೊಡಬೇಕು. ನೀವು ಹೆರಿಗೆ ನೋಡೀರೇನ್ರಿ, ಮೇಷ್ಟ್ರಮ್ಮ?"

"ಇಲ್ಲ."

"ಗೊತ್ತಾಗ್ತೈತೆ." ಮತ್ತೆ ಹೊಲಿಯತೊಡಗಿದಳು. "ಈಕಿ ಯಾರೋ, ನಾನಲ್ಲ. ನಾನಾಗಿದ್ರೆ ಆ ಕೂಸು ಉಳೀತಿತ್ತು."

ಹಿಂದೆ ನಿಂತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು, ನನ್ನ ಎರಡನೆಯದು ಕಾಲು ಮುಂದಾಗೇ ಬಂದಿತ್ತು, ಸೂಲಗಿತ್ತವ್ವ ಸುಮ್ಮನೇ ಕುಂತಿದ್ಲು ಎಂದಳು. ದಾರಿಯಲ್ಲಿ ಗಂಗಕ್ಕ ನನ್ನ ಕೈ ಹಿಡಿದು ನಿಲ್ಲಿಸಿದಳು.

"ಮಾತಿಗೇನ್ರಿ, ನಂಬ್ತಾರೆ. ಹೆರಿಗೆ ದಿನ ಮತ್ತೆ ಗಾಡಿ ಕಟ್ತಾರೆ. ನೀವು ತವರಿಗೆ ಹೋದ್ರೆ, ಬರ್ದಾಕೀನೇ ಓಡಿಹೋದ್ಲು ಅಂತಾರೆ."

ಮೂರನೆಯ ದಿನ, ಬರುವುದಿಲ್ಲವೆಂದು ಅಮ್ಮನಿಗೆ ಬರೆದೆ. ಕಾರಣ ಬರೆದರೆ ಅರ್ಥವಾಗದೆಂದು ಘಾಟಿಯ ಪ್ರಯಾಣಕ್ಕೆ ಹೆದರಿಕೆ ಎಂದು ಸುಳ್ಳು ಹೇಳಿದೆ. ಒಂದು ಮಧ್ಯಾಹ್ನ ಸೂಲಗಿತ್ತವ್ವನ ಕೈಯಲ್ಲಿ ನನ್ನ ಮಗಳು ಹುಟ್ಟಿದಳು. ನನಗೆ ಭಯವಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಅವಳಿಗೂ ಆಗಿತ್ತೇನೋ, ಕೂಸು ಅಳುವವರೆಗೆ ಒಂದು ಮಾತೂ ಆಡಲಿಲ್ಲ. ಆ ತಿಂಗಳೇ ಎರಡು ಮನೆಯವರು ಅವಳನ್ನು ಕರೆದರು.

ಮಗಳಿಗೆ ಆರು ತಿಂಗಳಾದಾಗ ಮಂಗಳೂರಿಗೆ ಬಂದೆ. ಸಮುದ್ರದ ಗಾಳಿಗೆ ಜೀವ ತಂಪಾಯಿತು, ಮೀನಿನ ಸಾರಿಗೆ ಕಣ್ಣಲ್ಲಿ ನೀರು ಬಂತು. ಮೂರನೆಯ ದಿನ ಅಮ್ಮನಿಗೆ ನಿಜ ಹೇಳಿದೆ. ಅಮ್ಮ ಮಗುವಿನ ಮೈಗೆ ಎಣ್ಣೆ ಹಚ್ಚುತ್ತಿದ್ದಳು. ಕೈ ನಿಂತಿತು.

"ನಿನಗೆ ನನಗಿಂತ ಯಾರೋ ಒಬ್ಬಳು ಸೂಲಗಿತ್ತಿ ಹೆಚ್ಚಾದಳಾ?"

ಇಲ್ಲ ಅಮ್ಮ, ಎಂದೆ. ಅದು ನಿಜವೇ. ಆದರೆ ಆ 'ಯಾರೋ ಒಬ್ಬಳು' ಎಂಬ ಮಾತಿಗೆ ನನಗೆ ರೇಗಿಹೋಯಿತು, ಅವಳು ಯಾರೋ ಅಲ್ಲ ಎಂದು ಬಾಯಿ ತುದಿಗೆ ಬಂತು. ಅಮ್ಮನ ಕಣ್ಣು ತುಂಬಿತ್ತು. ಆಡದೆ ನುಂಗಿಕೊಂಡು, ಮಗುವಿನ ಸ್ನಾನಕ್ಕೆ ನೀರು ಕಾಯಿಸಲು ಎದ್ದು ಹೋದೆ.