ಲೈಟು ಆರಿಸುವ ಮೇಡಂ

ಪುಟ್ಟತಾಯಮ್ಮ ಮೇಡಂ ಯಾವ ಕೋಣೆಗೆ ಕಾಲಿಟ್ಟರೂ ಅವರ ಕೈ ಮೊದಲು ಹೋಗುತ್ತಿದ್ದುದು ಸ್ವಿಚ್ಚಿಗೆ, ಅದೂ ಆರಿಸುವುದಕ್ಕೆ. ನಾವು ಡಬ್ಬಿ ಬಿಚ್ಚಿ ಊಟಕ್ಕೆ ಕೂತಿದ್ದರೂ ಸರಿಯೇ, ಟಪ್ ಎಂದು ಲೈಟು ಹೋಗುತ್ತಿತ್ತು. "ಕಿಟ್ಕಿ ಅದಲ್ಲ, ಮುದ್ದೆಗೆ ಬಾಯಿ ದಾರಿ ಮರ್ತೋಯ್ತದಾ?" ಎನ್ನುವರು. ಬ್ಲಫ್ ಎಂಬ ಊರಿನ ಪವರ್ ಹೌಸಿನಲ್ಲಿ ಕೆಲಸಕ್ಕಿದ್ದವರ ಮಗಳು ಅವರು. ಕರೆಂಟು ಹುಟ್ಟುವ ಊರಲ್ಲಿ ಬೆಳೆದವರಿಗೆ ಈ ಜಿಪುಣತನ ಎಲ್ಲಿಂದ ಬಂತೋ ಎಂದು ನಾವು ಬೆನ್ನ ಹಿಂದೆ ನಗುತ್ತಿದ್ದೆವು.

ಮಂಡ್ಯದ ನಮ್ಮ ಲ್ಯಾಬಿನಲ್ಲಿ ಮೇಡಂ ಭತ್ತದ ಬೇರಿನ ತುದಿಯ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಕೆರಗೋಡಿನಿಂದ ಬಸ್ಸಿನಲ್ಲಿ ಬರುತ್ತಿದ್ದ ನಾನು ಅವರ ಕಂಪ್ಯೂಟರಿನವಳು. ಅವರಿಗಿದ್ದದ್ದು ಒಂದೇ ಆಸೆ. ಒಂದು ಕೋಶ ಎರಡಾಗುವಾಗ ಒಳಗಿನ ಕ್ರೋಮೋಸೋಮುಗಳು ಹೇಗೆ ಬೇರೆಯಾಗುತ್ತವೆ ಎಂಬುದನ್ನು ಮೊದಲಿಂದ ಕೊನೆಯವರೆಗೆ ನೋಡಬೇಕು, ಆಮೇಲೂ ಆ ಕೋಶ ಬದುಕಿರಬೇಕು. ಸೂಕ್ಷ್ಮದರ್ಶಕದ ಲೇಸರ್ ಬೆಳಕು ಹೆಚ್ಚಿಸಿದರೆ ಎಲ್ಲ ಚೆನ್ನಾಗಿ ಕಾಣುತ್ತಿತ್ತು, ಆ ಬೆಳಕಿಗೆ ಕೋಶ ಮಾತ್ರ ಅರ್ಧದಲ್ಲೇ ಸಾಯುತ್ತಿತ್ತು. ತಗ್ಗಿಸಿದರೆ ಪರದೆಯ ಮೇಲೆ ಮರಳು ಎರಚಿದಂತೆ ಬರೀ ಚುಕ್ಕಿ. ಅವರ ನಿವೃತ್ತಿಗೆ ಒಂದು ಬೆಳೆಯಷ್ಟು ಕಾಲ ಉಳಿದಿತ್ತು. "ನೋಡೋಕ್ ಓಗಿ ಕೊಂದ್ರೆ ಅದೇನ್ ನೋಡ್ದಂಗಾಯ್ತವ್ವ?" ಎಂದು ಪೇಚಾಡುತ್ತಿದ್ದರು.

ನಾನು ಕಂಪ್ಯೂಟರಿಗೆ ಪಾಠ ಹೇಳಲು ಕೂತೆ. ಒಂದೇ ಕೋಶದ ಮಬ್ಬು ಚಿತ್ರ, ಪಕ್ಕದಲ್ಲೇ ಸ್ಪಷ್ಟ ಚಿತ್ರ. ಇಂಥ ಜೋಡಿಗಳನ್ನು ತೋರಿಸುತ್ತ ಹೋದರೆ ಮಬ್ಬಿನಿಂದಲೇ ಸ್ಪಷ್ಟ ಚಿತ್ರ ತೆಗೆಯುವುದು ಅದಕ್ಕೆ ಒಗ್ಗುತ್ತದೆ. ಮೊದಲ ಚಿತ್ರ ಮೂಡಿದಾಗ ನಾನು ಕುಣಿದೇಬಿಟ್ಟೆ. ಮೇಡಂ ಗಾಜಿನ ಮೇಲೆ ಒಂದು ತೊಟ್ಟು ಬರೀ ನೀರು ಹಾಕಿ, "ಇದ್ನೂ ತೋರ್ಸು" ಎಂದರು. ನಮ್ಮ ಕಂಪ್ಯೂಟರು ಆ ನೀರಿನಲ್ಲೂ ಮುದ್ದಾದ ಕೋಶವೊಂದನ್ನು ಬರೆದುಕೊಟ್ಟಿತು!

ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು. "ಬಾಳ ಮರ್ಯಾದಸ್ತ ಕಣಮ್ಮ ನಿನ್ ಮಿಸೀನು, ಯಾರ್ನೂ ಬರೀಗೈಲಿ ಕಳ್ಸಕಿಲ್ಲ. ಇಲ್ದೆ ಇದ್ರೆ ಇಲ್ಲ ಅನ್ನೋದ್ನೂ ಕಲ್ಸು."

ಖಾಲಿ ನೀರಿನ ಚಿತ್ರಗಳೂ ಪಾಠಕ್ಕೆ ಸೇರಿದವು. ಪರದೆಯಲ್ಲಿ ನೀರು ಬರೀ ಕಪ್ಪಾಗಿಯೇ ಉಳಿಯುವವರೆಗೆ, ಕಂಪ್ಯೂಟರು ಹಿಂದೆಂದೂ ಕಾಣದ ಕೋಶಗಳಲ್ಲೂ ಅದರ ಚಿತ್ರ ನಿಜಕ್ಕೆ ತಾಳೆಯಾಗುವವರೆಗೆ ಮೇಡಂ ನನ್ನನ್ನು ಬಿಡಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಹೊಸ ಬೇರನ್ನಿಟ್ಟು ಬೆಳಕನ್ನು ಇದೆಯೋ ಇಲ್ಲವೋ ಎನ್ನುವಷ್ಟು ತಗ್ಗಿಸಿದರು. ಪರದೆಯ ಮೇಲೆ ಕ್ರೋಮೋಸೋಮುಗಳು ನಡುವಿಗೆ ಬಂದು ಸಾಲುಗಟ್ಟಿದವು, ಸ್ವಲ್ಪ ತಡೆದವು, ಎರಡು ಪಾಲಾಗಿ ಎರಡು ದಿಕ್ಕಿಗೆ ಸರಿದವು. ನಾನು ಕೂಗಲು ಬಾಯಿ ತೆರೆದೆ.

"ತಡಿ. ನಾಳೆಕ್ ಬದ್ಕಿದ್ರೆ ಕೂಗು" ಎಂದರು ಮೇಡಂ.

ಮರುದಿನ ಆ ಕೋಶದಿಂದಾದ ಎರಡೂ ಕೋಶಗಳು ಬದುಕಿದ್ದವು. ಅದರಲ್ಲೊಂದು ಆಗಲೇ ಮತ್ತೆ ಎರಡಾಗಲು ಸಜ್ಜಾಗಿತ್ತು. ಕೂಗಿದ್ದು ನಾನಲ್ಲ, ಮೇಡಂ. "ಗೆದ್ವಿ ಕಣವ್ವೋ!" ಎಂದ ಆ ದನಿಗೆ ಪಕ್ಕದ ಕೋಣೆಯವರೆಲ್ಲ ಓಡಿ ಬಂದರು. ನನ್ನ ಬದುಕಿನಲ್ಲಿ ಅಷ್ಟು ಸಂತೋಷ ಬೇರೆ ಯಾವ ದಿನವೂ ಆಗಿಲ್ಲ.

ಬೀಳ್ಕೊಡುಗೆಯ ದಿನ ಫೋಟೋದವನು ಅವರ ಮುಖಕ್ಕೆ ದೊಡ್ಡ ಲೈಟು ಬಿಟ್ಟ. ಮೇಡಂ ಹಾರ ಹಾಕಿಕೊಂಡೇ ಎದ್ದು ನಿಂತು, "ಆರ್ಸಪ್ಪ, ನಾನಿನ್ನೂ ಬದ್ಕಿವ್ನಿ" ಎಂದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ.

ಈಗ ಅವರು ಮಳವಳ್ಳಿಯಲ್ಲಿದ್ದಾರೆ. ಅವರಿಲ್ಲದ ಲ್ಯಾಬಿಗೆ ಬಂದವಳೇ ನಾನು ಸ್ವಿಚ್ಚಿಗೆ ಕೈ ಹಾಕುತ್ತೇನೆ, ಆರಿಸುವುದಕ್ಕೆ. ಹೊಸಬರು ಬೆನ್ನ ಹಿಂದೆ ನಗುತ್ತಾರೆ. ನಗಲಿ. ನಮ್ಮ ಕೋಶಗಳು ಬದುಕಿವೆ.