ಬಚ್ಚಲಿಗೆ ಪಾರ್ಕಿಂಗ್ ಟೈಲ್ಸ್

ಚಪ್ಪಲಿ ಕಾಲಿನಿಂದ ಕಳಚಿದ್ದು ನನಗೆ ಗೊತ್ತಾಗಲೇ ಇಲ್ಲ.

ನ್ಯಾಮತಿ ಬಸ್ ಸ್ಟ್ಯಾಂಡಿನಲ್ಲಿ ಸವಳಂಗದ ಬಸ್ಸಿಗೆಂದು ಬಿರಬಿರನೆ ಹೊರಟಿದ್ದೆ. ಹಿಂದಿನಿಂದ ಬಾಳೆಹಣ್ಣಿನ ಗಾಡಿಯವನು ಕೂಗಿದ: "ಯಣ್ಣಾ, ಚಪ್ಪಲಿ ನನಗೆ ಬಿಟ್ಟು ಎಲ್ಲಿಗೆ ಹೊಂಟೀಯೋ?" ತಿರುಗಿ ನೋಡಿದೆ. ಎಡಗಾಲಿನ ಚಪ್ಪಲಿ ದೂರದಲ್ಲಿ ಬಿದ್ದಿತ್ತು. ಬಿಸಿಲಿಗೆ ಕಾದ ಡಾಂಬರಿನ ಮೇಲೆ ಬರಿಗಾಲಲ್ಲಿ ನಿಂತಿದ್ದೆ. ಬಿಸಿ ತಾಗುತ್ತಿರಲಿಲ್ಲ.

ಬೆನ್ನುನೋವು ಅದಕ್ಕೂ ಮೊದಲೇ ಶುರುವಾಗಿತ್ತು. ನಾನು ಟೈಲ್ಸ್ ಕೆಲಸದವನು. ಮೀಸೆ ಮೂಡುವ ಮೊದಲೇ ಶಾಲೆ ಬಿಟ್ಟು ಈ ಕೆಲಸಕ್ಕೆ ಬಿದ್ದೆ. ಹೊನ್ನಾಳಿ, ಚನ್ನಗಿರಿ ಕಡೆ ಎಷ್ಟೋ ಮನೆಗಳಿಗೆ ನೆಲ ಹಾಕಿದ್ದೇನೆ. ದಿನವೆಲ್ಲ ಕುಕ್ಕರಗಾಲಲ್ಲಿ ಕೂರುವವನಿಗೆ ಬೆನ್ನು ನೋಯದೆ ಇನ್ನೇನು ಎಂದುಕೊಂಡು ಮುಲಾಮು ಹಚ್ಚಿದೆ, ಮಾತ್ರೆ ನುಂಗಿದೆ. ಸಂಜೆಯಾದರೆ ಸಣ್ಣಗೆ ಜ್ವರ ಬರುತ್ತಿತ್ತು. ಅದನ್ನೂ ದಣಿವಿನ ಲೆಕ್ಕಕ್ಕೇ ಹಾಕಿದೆ.

ಚಪ್ಪಲಿ ಬಿದ್ದ ವಾರದಲ್ಲೇ ಕುಕ್ಕರಗಾಲಲ್ಲಿ ಕೂತವನಿಗೆ ಮೇಲೇಳಲಾಗಲಿಲ್ಲ. ಜೊತೆ ಕೆಲಸದವರಿಬ್ಬರು ಎತ್ತಿ ಗೂಡ್ಸ್ ಆಟೋದಲ್ಲಿ ಮಲಗಿಸಿದರು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಎಂಆರ್‌ಐ ಮಾಡಿದರು.

"ಬೆನ್ನುಮೂಳೆಗೆ ಟಿಬಿ" ಎಂದರು ಡಾಕ್ಟರ್.

ನನಗೆ ಕೆಮ್ಮೇ ಇಲ್ಲವಲ್ಲ ಸರ್ ಎಂದೆ. ಟಿಬಿ ಎಲ್ಲಿ ಬೇಕಾದರೂ ಬರಬಹುದು, ಮೂಳೆಯನ್ನು ತಿಂದಿದೆ, ಕೀವು ನರದ ಮೇಲೆ ಒತ್ತುತ್ತಿದೆ ಎಂದರು. ಸ್ಪೈನ್ ಆಪರೇಷನ್ ಆಯಿತು. ಬೆನ್ನಿನೊಳಗೆ ರಾಡು, ಸ್ಕ್ರೂ ಹಾಕಿದರು. ಮಾತ್ರೆ ಒಂದು ದಿನವೂ ತಪ್ಪಿಸುವಂತಿಲ್ಲ ಎಂದರು. ಕಾಲು ಬರುತ್ತದೆಯೇ ಎಂದು ಕೇಳಿದ್ದಕ್ಕೆ, "ಬರಬಹುದು. ಎಷ್ಟು ಬರುತ್ತೆ ಅಂತ ಈಗಲೇ ಹೇಳೋಕಾಗಲ್ಲ" ಎಂದರು. ಸುಳ್ಳು ಹೇಳದ ಡಾಕ್ಟರ್. ಆಗ ಸಿಟ್ಟು ಬಂದಿತ್ತು.

ಡಿಸ್ಚಾರ್ಜ್ ಮಾಡುವಾಗ ಫಿಸಿಯೋಥೆರಪಿ ಮೇಡಂ ಮನೆಯ ಬಗ್ಗೆ ಕೇಳಿದರು. ಮೆಟ್ಟಿಲು ಇದೆಯೇ, ಬಚ್ಚಲ ಬಾಗಿಲು ಎಷ್ಟು ಅಗಲ, ನೆಲ ಜಾರುತ್ತದೆಯೇ.

"ಮೇಡಂ, ಆ ನೆಲ ನಾನೇ ಹಾಕಿದ್ದು" ಎಂದೆ. ಅಷ್ಟು ಹೇಳಿದರೆ ಸಾಕು ಎಂದುಕೊಂಡಿದ್ದೆ.

ನನ್ನ ಮನೆ ನ್ಯಾಮತಿಯಲ್ಲೇ ಇದೆ. ಚಿಕ್ಕದು. ಆದರೆ ನೆಲ ನೋಡಲು ಜನ ಬರುತ್ತಿದ್ದರು. ಹಾಲ್‌ನಿಂದ ಬಚ್ಚಲಿನವರೆಗೂ ಕನ್ನಡಿಯಂಥ ಟೈಲ್ಸ್. ಕೆಲಸ ಕೊಡುವ ಮುಂಚೆ ಅನುಮಾನಪಡುವವರನ್ನು ಮನೆಗೇ ಕರೆತರುತ್ತಿದ್ದೆ. "ಬಗ್ಗಿ ನೋಡ್ರಿ, ಮುಖ ಕಾಣ್ತೈತೆ" ಎನ್ನುತ್ತಿದ್ದೆ. ಕಾಣುತ್ತಿತ್ತು.

ಅದೇ ಮನೆಗೆ ನನ್ನನ್ನು ವೀಲ್‌ಚೇರ್ ಸಮೇತ ಎತ್ತಿಕೊಂಡು ಹೋದರು.

ವೀಲ್‌ಚೇರ್ ಬಚ್ಚಲ ಬಾಗಿಲವರೆಗೆ ಹೋಗಿ ನಿಲ್ಲುತ್ತಿತ್ತು. ಬಾಗಿಲು ಕಿರಿದು. ನೀರು ಹೊರಗೆ ಬರದಿರಲೆಂದು ಒಳಗೆ ಒಂದು ಮೆಟ್ಟಿಲಷ್ಟು ಇಳಿಸಿದ್ದೆ. ಸಂಡಾಸೂ ಅಲ್ಲೇ, ಕುಕ್ಕರಗಾಲಲ್ಲಿ ಕೂರುವಂಥದ್ದು. ಹೆಂಡತಿ ಶಾಂತಾ ನನ್ನ ಕಂಕುಳಿಗೆ ಕೈ ಕೊಟ್ಟು ಇಳಿಸಬೇಕು, ಹಿಡಿದುಕೊಂಡೇ ನಿಲ್ಲಬೇಕು, ತೊಳೆಯಬೇಕು. ಅವಳು ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಸಿಂಡರಿಸಿದ್ದರೆ ಬೈದಾದರೂ ಹಗುರಾಗುತ್ತಿದ್ದೆನೇನೋ.

ಅದಕ್ಕೆ ನಾನು ನೀರು ಕುಡಿಯುವುದನ್ನು ಕಡಿಮೆ ಮಾಡಿದೆ. ಯಾರಿಗೂ ಹೇಳಲಿಲ್ಲ. ಮಾತ್ರೆಗೆ ಒಂದು ಗುಟುಕು, ಊಟಕ್ಕೆ ಒಂದು ಗುಟುಕು. ಅವಳು ಚೊಂಬು ಇಟ್ಟು ಹೋದರೆ ಕಿಟಕಿಯಿಂದ ದಾಸವಾಳದ ಗಿಡಕ್ಕೆ ಚೆಲ್ಲುತ್ತಿದ್ದೆ. ಉರಿಮೂತ್ರ ಶುರುವಾಯಿತು, ಚಳಿಜ್ವರ ಬಂತು. ಮತ್ತೆ ಆಸ್ಪತ್ರೆ, ಯೂರಿನ್ ಇನ್ಫೆಕ್ಷನ್, ಮತ್ತೆ ಇಂಜೆಕ್ಷನ್. "ಹೀಗೇ ಮಾಡಿದರೆ ಕಿಡ್ನಿಗೆ ಬರುತ್ತೆ. ನೀರು ಯಾಕೆ ಕುಡಿಯಲ್ಲ?" ಎಂದು ಡಾಕ್ಟರ್ ಕೇಳಿದರು. ಬಾಯಾರಿಕೆ ಆಗಲ್ಲ ಸರ್ ಎಂದೆ.

ಶಾಂತಾ ನನ್ನನ್ನೇ ನೋಡಿದಳು. ದಾಸವಾಳ ಆ ಬೇಸಿಗೆಯಲ್ಲೂ ಹಸಿರಾಗಿತ್ತು.

ಕಾಲಿಗೆ ಸ್ವಲ್ಪ ಬಲ ಬಂದು, ವಾಕರ್ ಹಿಡಿದು ನಿಲ್ಲುವಂತಾದಾಗ ನನಗೆ ಧೈರ್ಯ ಬಂತು. ಶಾಂತಾ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಒಬ್ಬನೇ ಬಚ್ಚಲಿಗೆ ಹೊರಟೆ. ಒಳಗೆ ಇಳಿದು ಬಾಗಿಲು ಮುಚ್ಚಿಕೊಳ್ಳುವಾಗ ವಾಕರ್ ಜಾರಿತು.

ಬಿದ್ದೆ.

ಬಾಗಿಲಿಗೆ ಅಡ್ಡವಾಗಿ ಬಿದ್ದೆ. ಬಾಗಿಲು ಒಳಕ್ಕೆ ತೆರೆಯುವಂಥದ್ದು. ಶಾಂತಾ ಓಡಿ ಬಂದು ಹೊರಗಿನಿಂದ ತಳ್ಳಿದರೆ ಅದು ನನ್ನ ಸೊಂಟಕ್ಕೇ ಬಡಿಯುತ್ತಿತ್ತು. ಸರಿಯೋಣವೆಂದರೆ ಒದ್ದೆ ಟೈಲ್ಸ್ ಮೇಲೆ ಅಂಗೈ ನಿಲ್ಲಲಿಲ್ಲ. ಊರಿದ ಕಡೆಯೆಲ್ಲ ಜಾರಿತು. ಕೆನ್ನೆ ನೆಲಕ್ಕೆ ತಾಗಿತ್ತು. ನನ್ನ ಮುಖ ನನಗೇ ಕಾಣುತ್ತಿತ್ತು.

ಪಕ್ಕದ ಬೀದಿಯ ದಾದಾಪೀರ್ ವೆಲ್ಡಿಂಗ್ ಕೆಲಸದವನು, ನನ್ನ ಹಳೆಯ ಗೆಳೆಯ. ಶಾಂತಾ ಅವನನ್ನು ಕರೆತಂದಳು.

"ಏ ಮೇಸ್ತ್ರಿ, ಒಳಗೇನು ಲೆವೆಲ್ ಚೆಕ್ ಮಾಡಾಕತ್ತೀಯೇನು?" ಎಂದ ಬಾಗಿಲಾಚೆಯಿಂದ.

"ಮುಚ್ಕೊಂಡು ಬಾಗಿಲು ತಗಿಯೋ."

"ತಲೆ ಎತ್ತಬ್ಯಾಡ ಮತ್ತೆ. ಮ್ಯಾಲಿನ ಅರ್ಧ ಕೊಯ್ತೀನಿ."

ಕಟ್ಟಿಂಗ್ ಮೆಷಿನ್ ತಂದು ಪ್ಲಾಸ್ಟಿಕ್ ಬಾಗಿಲನ್ನು ನಡುವಿಗೆ ಕೊಯ್ದ. ಒಳಗೆ ದಾಟಿ ಬಂದು ಎತ್ತಿದ. ಲುಂಗಿ ಎಲ್ಲೋ ಇತ್ತು, ನಾನೆಲ್ಲೋ. ಅವನು ಹೆಗಲ ಮೇಲಿನ ಟವೆಲ್ ನನ್ನ ಸೊಂಟಕ್ಕೆ ಸುತ್ತಿ, ಆಮೇಲೆ ಶಾಂತಾಳನ್ನು ಕರೆದ. ಅದನ್ನು ಮರೆಯುವುದಿಲ್ಲ. ಎಕ್ಸ್‌ರೇ ತೆಗೆಸಿದೆವು. ರಾಡು, ಸ್ಕ್ರೂ ಅಲ್ಲಾಡಿರಲಿಲ್ಲ.

ಮನೆಗೆ ಬಂದ ಮೇಲೆ ಶಾಂತಾ ಹೇಳಿದಳು: "ಬಚ್ಚಲು ಒಡೆಸ್ತೀನಿ."

"ಏನ್ ಒಡೆಸ್ತೀಯ? ಅಂಥಾ ಟೈಲ್ಸ್ ಈಗ ಸಿಗಂಗಿಲ್ಲ."

"ಸಿಗೋದು ಬ್ಯಾಡ. ಪಾರ್ಕಿಂಗ್ ಟೈಲ್ಸ್ ಹಾಕ್ಸನ."

ಪಾರ್ಕಿಂಗ್ ಟೈಲ್ಸ್ ಎಂದರೆ ಮನೆ ಮುಂದೆ ಗಾಡಿ ನಿಲ್ಲಿಸುವ ಜಾಗಕ್ಕೆ ಹಾಕುವ ಒರಟು ಬಿಲ್ಲೆ. ಅದನ್ನು ಮನೆಯೊಳಗೆ ಹಾಕುವುದೆಂದರೆ ನನಗೆ ಗೋಣಿತಟ್ಟು ಹೊದ್ದು ಮದುವೆಗೆ ಹೋದಂತೆ.

"ಟೈಲ್ಸ್ ಮೇಸ್ತ್ರಿ ಮನೆ ಬಚ್ಚಲಿಗೆ ಪಾರ್ಕಿಂಗ್ ಟೈಲ್ಸಾ? ನೋಡಿದೋರು ಏನಂತಾರೆ?"

"ಗಾಡಿ ಮ್ಯಾಲೆ ಓಡಾಡೋರು ನೀವಲ್ಲೇನ್ರೀ? ಗಾಡಿಗೆ ಪಾರ್ಕಿಂಗ್ ಬ್ಯಾಡ್ವಾ?"

ಜೊತೆಗೇ ಬಂದಿದ್ದ ದಾದಾಪೀರ್ ನಕ್ಕ. ನನಗೆ ನಗು ಬರಲಿಲ್ಲ. ಆಗ ಅವಳು ಕಿಟಕಿಯ ಕಡೆ ಕೈ ತೋರಿಸಿದಳು. ದನಿ ಏರಿಸಲಿಲ್ಲ. "ಆ ಗಿಡಕ್ಕೆ ನೀರು ಹಾಕಿದ್ದು ಸಾಕು. ನಿಮಗೆ ನೆಲ ಬೇಕಾ, ಕಿಡ್ನಿ ಬೇಕಾ, ಹೇಳಿಬಿಡ್ರಿ."

ಅವಳಿಗೆ ಮೊದಲೇ ಗೊತ್ತಿತ್ತು.

ಒಡೆಯುವ ದಿನ ನಾನು ಹಾಲ್‌ನಲ್ಲಿ ವೀಲ್‌ಚೇರ್ ಮೇಲಿದ್ದೆ. ನಾನು ಕೂರಿಸಿದ ಟೈಲ್ಸ್ ಸುಲಭಕ್ಕೆ ಏಳಲಿಲ್ಲ. ಅಷ್ಟರಮಟ್ಟಿಗೆ ಖುಷಿಯಾಯಿತು, ಮುಚ್ಚಿಡುವುದೇನು. ಕೆಲಸದ ಹುಡುಗರು ಒಳಗಿನ ತಗ್ಗು ತುಂಬಿಸಿ ಹಾಲ್‌ನ ಸಮಕ್ಕೆ ತಂದರು. ಕಮೋಡ್ ಕೂರಿಸಿದರು. ದಾದಾಪೀರ್ ಅಗಲದ ಬಾಗಿಲು ಮಾಡಿ ಹೊರಕ್ಕೆ ತೆರೆಯುವಂತೆ ಕೂರಿಸಿದ. ಗೋಡೆಗೆ ಸ್ಟೀಲ್ ಹಿಡಿಕೆ ಬಡಿದ. ಮೊದಲು ಬಾಗಿಲ ಪಕ್ಕದಲ್ಲೇ ಹಾಕಲು ಹೊರಟಿದ್ದ. ನನ್ನನ್ನು ಕಮೋಡ್ ಮೇಲೆ ಕೂರಿಸಿ, ಕೈ ಎಲ್ಲಿಗೆ ಹೋಗುತ್ತದೆ ನೋಡಿ, ಅಲ್ಲಿ ಗುರುತು ಹಾಕಿದ.

ಮೆಟ್ಟಿಲು ಹೋದ ಮೇಲೆ ನೀರು ಹಾಲ್‌ಗೆ ನುಗ್ಗಬಾರದು. ಆ ಇಳಿಜಾರು ಮಾತ್ರ ನಾನೇ ನೋಡುತ್ತೇನೆ ಎಂದೆ. ಕೂತಲ್ಲಿಂದಲೇ ಹುಡುಗರಿಂದ ಮಟ್ಟದ ದಾರ ಹಿಡಿಸಿದೆ, ಎರಡು ಬಿಲ್ಲೆ ಕೀಳಿಸಿ ಮತ್ತೆ ಹಾಕಿಸಿದೆ, ಬೈದೆ. ಕಾಯಿಲೆ ಬಿದ್ದ ಮೇಲೆ ಅಷ್ಟು ಜೋರಾಗಿ ಬೈದದ್ದು ಅದೇ ಮೊದಲು. ಮಗ್ಗಿನಲ್ಲಿ ನೀರು ಸುರಿದರೆ ಹಿಂದಿನ ಗೋಡೆಯ ಬುಡದ ಜಾಲರಿ ಕಡೆಗೇ ಹರಿಯಿತು.

ಸಿಮೆಂಟ್ ಗಟ್ಟಿಯಾದ ಮೇಲೆ ಒಂದು ಬೆಳಗ್ಗೆ ಒಬ್ಬನೇ ಹೋದೆ. ಶಾಂತಾ ಬಾಗಿಲ ಬಳಿ ನಿಂತಿದ್ದಳು.

"ಹೋಗು."

"ಇಲ್ಲೇ ಇರ್ತೀನಿ."

"ಹೋಗೇ ಮಾರಾಯ್ತಿ."

ಹೋದಳು. ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡತೊಡಗಿದಳು, ದೂರ ಇದ್ದೇನೆ ಎಂದು ನನಗೆ ತಿಳಿಯಲೆಂದು. ಅಂಗಾಲಿಗೆ ಒರಟು ನೆಲ ತಾಗಿತು. ಬಲಗಾಲಿಗೆ ಚೆನ್ನಾಗಿ, ಎಡಗಾಲಿಗೆ ದಪ್ಪ ಬಟ್ಟೆಯ ಮೇಲಿಂದ ತಾಗಿದಂತೆ. ಹಿಡಿಕೆ ಹಿಡಿದೆ. ಕೂತೆ. ಎದ್ದೆ. ಬಾಗಿಲು ತಳ್ಳಿ ಹೊರಗೆ ಬಂದೆ. ಅಷ್ಟೇ.

ಈಗ ಎಡಗಾಲಿಗೆ ಪಟ್ಟಿ ಇರುವ ಚಪ್ಪಲಿ, ಕೈಯಲ್ಲಿ ವಾಕರ್. ಮಾತ್ರೆ ಇನ್ನೂ ಇದೆ. ಕುಕ್ಕರಗಾಲಲ್ಲಿ ಕೂರುವ ಕೆಲಸ ಮತ್ತೆ ಆಗುವುದೋ ಇಲ್ಲವೋ ತಿಳಿಯದು. ಆ ಡಾಕ್ಟರ್ ಸುಳ್ಳು ಹೇಳಲಿಲ್ಲವಲ್ಲ, ಅದಕ್ಕೆ ಈಗ ಅವರ ಮೇಲೆ ಗೌರವವಿದೆ. ಹಾಲ್ ಇನ್ನೂ ಹೊಳೆಯುತ್ತದೆ. ನಾನು ಓಡಾಡುವ ಕಡೆ ಶಾಂತಾ ರಬ್ಬರ್ ಮ್ಯಾಟ್ ಹಾಸಿದ್ದಾಳೆ. ಮೊನ್ನೆ ಉಬ್ರಾಣಿಯಿಂದ ಬಂದ ನನ್ನ ಅಕ್ಕ ಬಚ್ಚಲಿಗೆ ಹೋಗಿ ಬಂದು, "ಇದೇನೋ, ಅಂಗಳ ಒಳಗೆ ಬಂದೈತಲ್ಲೋ" ಎಂದಳು. ಆಮೇಲೆ ತನ್ನ ಮಂಡಿ ನೀವಿಕೊಂಡು, "ನಮ್ಮನೇಗೂ ಹಿಂಗೇ ಒಂದು ಮಾಡಾಕೆ ಆಗ್ತೈತೇನು?" ಎಂದು ಮೆಲ್ಲಗೆ ಕೇಳಿದಳು.

ಹೊಸ ಬಚ್ಚಲಿಗೆ ಒಬ್ಬನೇ ಹೋದ ಆ ಮೊದಲ ದಿನ ಹೊರಗೆ ಬಂದವನು ಗೋಡೆಗೆ ಒರಗಿ ನಿಂತು ನೀರು ಕೇಳಿದೆ. ಶಾಂತಾ ಚೊಂಬು ತಂದು ಕೊಟ್ಟು, ಅಲ್ಲೇ ನಿಂತು ನೋಡಿದಳು. ಎತ್ತಿ ಪೂರ್ತಿ ಕುಡಿದೆ.

"ಇನ್ನೊಂದು ತರ್ಲೇನ್ರೀ?"

"ತಾ."