ಹುಣಸೆಮರ ಇದ್ದ ಕಡೆ ಎಡಕ್ಕೆ

ತಾಯಲೂರಿನ ಡೇರಿಯಲ್ಲಿ ನಮ್ಮ ಚಿಕ್ಕಮ್ಮ ಸೆಕ್ರೆಟರಿ. ಅಲ್ಲಿ ಹಾಲು ತೂಗುವ ಯಂತ್ರಕ್ಕೆ ಪ್ರೋಗ್ರಾಂ ಬರೆದವನು ನಾನು. ಹಾಗಾಗಿ ಯಂತ್ರ ಮಾಡಿದ ತಪ್ಪಿಗೆ ಬೆಳಗಾದರೆ ಊರವರಿಂದ ಚಿಕ್ಕಮ್ಮ ಬೈಸಿಕೊಳ್ಳುವರು, ಆಮೇಲೆ ಫೋನಿನಲ್ಲಿ ಚಿಕ್ಕಮ್ಮನಿಂದ ನಾನು.

ತೂಕ ಆಗುವ ಮೊದಲೇ ಯಾರಾದರೂ ಕ್ಯಾನು ಎತ್ತಿದರೆ ಯಂತ್ರ ‘ಮೈನಸ್ ಎರಡು ಲೀಟರ್’ ಎಂದು ಚೀಟಿ ಕೊಡುತ್ತಿತ್ತು. ವಯಸ್ಸಾದವರೊಬ್ಬರು ಚೀಟಿ ಹಿಡಿದು, “ಏಮಮ್ಮಾ, ಇನ್ನೆರಡು ಲೀಟರ್ ತಂದ್ರೆ ಸೊನ್ನೆ ಆಗ್ತೀನಾ?” ಎಂದರಂತೆ. ಇನ್ನೊಬ್ಬಾಕೆ ಹಸುವನ್ನೇ ಸಾಕ್ಷಿಗೆ ಕರೆತಂದು ಯಂತ್ರದ ಮುಂದೆ ನಿಲ್ಲಿಸಿದಳಂತೆ.

“ಸೋಮವಾರದೊಳಗೆ ಸರಿಯಾಗ್ದಿದ್ರೆ ಡೇರಿ ಬೀಗದ ಕೈ ಒಪ್ಪಿಸಿ ಮನೇಲಿರ್ತೀನಿ ಕಣೋ,” ಎಂದರು ಚಿಕ್ಕಮ್ಮ. ಆ ಕೆಲಸ ಅವರಿಗೆ ಜೀವ.

ಕೋಲಾರದ ಆಫೀಸಿನಲ್ಲಿ ಕೂತು ಸರಿಮಾಡಿದೆ. ಒಂದೇ ಸಾಲು. ಅದರ ಮೇಲೆ, ಮುಂದೆ ಕೋಡ್ ಓದುವವರಿಗೆಂದು ಒಂದು ಕಾಮೆಂಟು: ‘ಹಳೇ ಯಂತ್ರ ಮಾಡುತ್ತಿದ್ದ ಹಾಗೇ ಇಲ್ಲೂ ಮಾಡುವುದು.’ ನಾನು ಬರೆದದ್ದನ್ನು ರಿವ್ಯೂ ಮಾಡುವವರು ಆಫೀಸಿನ ಹಿರಿಯರೊಬ್ಬರು, ನಮಗೆಲ್ಲ ಅಕ್ಕ; ಮಾಲೂರಿನವರು, ತಾಯಲೂರು ಕಂಡವರಲ್ಲ. ಅವರು ಒಪ್ಪದೆ ಯಾವುದೂ ಡೇರಿ ತಲುಪುವುದಿಲ್ಲ. ಸಾಲನ್ನು ಒಂದು ನಿಮಿಷದಲ್ಲಿ ಒಪ್ಪಿದರು. ಕಾಮೆಂಟಿನ ಮೇಲೆ ನಾಲ್ಕು ದಿನ ಕೂತರು.

“ಯಾವ ಹಳೇ ಯಂತ್ರ?”

“ಅದೇ ಅಕ್ಕ, ಗುಜರಿಗೆ ಹೋಯ್ತಲ್ಲ.”

“ಏನು ಮಾಡ್ತಿತ್ತು ಅದು?”

“ಸರಿಯಾಗಿ ಮಾಡ್ತಿತ್ತು.”

ನಾನು ಮಾತು ಕಲಿತದ್ದು ತಾತನ ಹತ್ತಿರ. ಅವರು ದಾರಿ ಹೇಳುವುದೇ ಹಾಗೆ: ಹುಣಸೆಮರ ಇದ್ದ ಕಡೆ ಎಡಕ್ಕೆ ತಿರುಗು, ಹೋಟ್ಲು ಇತ್ತಲ್ಲ ಅದನ್ನ ದಾಟು, ಮುಚ್ಚಿದ ಬಾವಿ ಎದುರಿಗೇ. ಈಗ ಕಣ್ಣಿಗೆ ಕಾಣುವ ವಸ್ತು ಒಂದೂ ಅದರಲ್ಲಿರದು. ಭಾನುವಾರ ಯಂತ್ರವನ್ನೇ ನೋಡಿಬರುತ್ತೇನೆಂದು ಅಕ್ಕ ದಾರಿ ಕೇಳಿದಾಗ ನಾನೂ ಅದನ್ನೇ ಬರೆದುಕೊಟ್ಟೆ.

ಅಕ್ಕ ಓದಿ ನಕ್ಕರು. “ಇದನ್ನ ನಂಬಿ ನಾನು ಡೇರಿಗೆ ಬಂದ್ಬಿಟ್ರೆ ನಿನ್ನ ಕಾಮೆಂಟ್ ಹಾಗೇ ಒಪ್ತೀನಿ.”

ನಾನು ಮೊದಲೇ ಹೋಗಿ ಚಿಕ್ಕಮ್ಮನ ಜೊತೆ ಡೇರಿಯಲ್ಲಿ ಕಾದು ಕೂತೆ. ಅಕ್ಕ ಒಂದು ಸುತ್ತೂ ಹೆಚ್ಚು ಸುತ್ತದೆ ಬಂದರು. ಮುಖ ಮಾತ್ರ ಸೋತವರದಲ್ಲ.

“ಮೂರು ಜನಾನ ಕೇಳ್ದೆ. ಮೂರು ಜನಾನೂ ಇಲ್ದಿರೋ ಮರಕ್ಕೆ ಬೆರಳು ತೋರ್ಸಿದ್ರು. ಒಬ್ರಂತೂ, ಬಿಸಿಲಿದೆ, ಅದರ ಕೆಳಗೆ ಸ್ವಲ್ಪ ಕೂತು ಹೋಗಮ್ಮ ಅಂದ್ರು.”

“ಹಾಗಾದ್ರೆ ಒಪ್ಪಿ ಅಕ್ಕ.”

“ಒಪ್ತೀನಿ. ಕೋಡ್ ಒಳಗೆ ಸಿಕ್ಕಿಹಾಕ್ಕೊಂಡೋನು ಯಾರನ್ನ ಕೇಳ್ಬೇಕು, ಅದನ್ನ ಹೇಳು ಮೊದ್ಲು.”

ಚಿಕ್ಕಮ್ಮ ಮಜ್ಜಿಗೆಯ ಲೋಟ ಅಕ್ಕನ ಕೈಗೆ ಕೊಟ್ಟು ನನ್ನತ್ತ ತಿರುಗಿದರು. “ಬರ್ಕೊಳ್ಳೋ. ಹಾಲಿನ ತೂಕ ಸೊನ್ನೆಗಿಂತ ಕಮ್ಮಿ ಬಂದ್ರೆ ಯಾರೋ ಕ್ಯಾನು ಎತ್ತವ್ರೆ ಅಂತ. ಚೀಟಿ ಕೊಡ್ಬೇಡಿ. ಕ್ಯಾನು ಇಟ್ಟು ಮತ್ತೆ ತೂಗಿ.”

ಹಳೇ ಕಾಮೆಂಟು ಅಳಿಸಿ ಅದನ್ನೇ ಬರೆದೆ; ಅಕ್ಕ ನಿಂತಲ್ಲೇ ಫೋನಿನಲ್ಲಿ ಒಪ್ಪಿದರು. ಸಂಜೆ ತಾತನಿಗೆ ಓದಿ ಹೇಳಿದೆ. “ಚೆನ್ನಾಗಿದೆ. ಆದ್ರೆ ಹಳೇ ಯಂತ್ರದ ಮಾತೇ ಇಲ್ವಲ್ಲೋ, ಜನಕ್ಕೆ ಹೆಂಗೆ ಅರ್ಥವಾಗ್ತದೆ?” ಎಂದರು.

ಸೋಮವಾರ ಬೆಳಿಗ್ಗೆ ಆ ವಯಸ್ಸಾದವರು ಎಂದಿನಂತೆ ಅವಸರಕ್ಕೆ ಕ್ಯಾನು ಎತ್ತಿದರು. ಯಂತ್ರ ಸುಮ್ಮನಿತ್ತು. ಚಿಕ್ಕಮ್ಮ ಬರೆಸಿದ ಮಾತನ್ನೇ ಅವರಿಗೂ ಹೇಳಿ, ಮತ್ತೆ ಇಡಿಸಿ, ತೂಗಿ, ಐದು ಲೀಟರಿನ ಚೀಟಿ ಕೊಟ್ಟರು. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಆ ಮೈನಸ್ಸು ಈಗ ಯಾರಿಗೆ ಹೋಯ್ತಮ್ಮಾ?”

ಬೀಗದ ಕೈ ಚಿಕ್ಕಮ್ಮನ ಸೊಂಟದಲ್ಲೇ ಇತ್ತು.